ಅಬೀನಾ ತಗ್ಗಿಸಿದ ಒಡ್ಡು

ಹೆದರಿಕೆಗೂ ಇರುವುದಕ್ಕೆ ಒಂದು ಮನೆ ಬೇಕಲ್ಲ, ನಮ್ಮೂರು ನಾಕ್‌ಬಾನಿನಲ್ಲಿ ಅದು ಅಬೀನಾ ಟೂಹಿಗ್‌ಳ ಮನೆಯನ್ನು ಹಿಡಿದಿತ್ತು. ಗುಡುಗಿಗೆ ಹೆದರುವಳು, ಹೆಬ್ಬಾತಿಗೆ ಹೆದರುವಳು, ಪಾದ್ರಿಗಳ ಮೋಟಾರು ಅಂಗಳಕ್ಕೆ ತಿರುಗಿದರೆ ಯಾರೋ ಸತ್ತರೆಂದೇ ಎದೆ ಹಿಡಿದುಕೊಳ್ಳುವಳು. ಅಂಚೆಯವನು ತಂತಿ ತಂದರೆ ಅದನ್ನು ಗಂಡನ ಕೈಗೆ ಕೊಟ್ಟು ತಾನು ಕೋಳಿಗೂಡಿಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಒಳ್ಳೆಯ ಸುದ್ದಿಯಾದರೆ ಗಂಡ ಬಂದು ಬಾಗಿಲು ತಟ್ಟಬೇಕು. ಕೆಟ್ಟದ್ದಾದರೆ ತಟ್ಟಲೇಬೇಡ, ನಾನೇ ಅಲ್ಲಿ ಇದ್ದುಬಿಡುತ್ತೇನೆ ಎಂದು ಮೊದಲೇ ಹೇಳಿಟ್ಟಿದ್ದಳು.

ಅವಳು ಮ್ಯಾಲೋ ಪೇಟೆಯ ಬಟ್ಟೆ ಅಂಗಡಿಯವನ ಮಗಳು. ಗಜಕಡ್ಡಿ, ಕತ್ತರಿ, ಮಡಿಸಿಟ್ಟ ಉಣ್ಣೆಬಟ್ಟೆಯ ನಡುವೆ ಬೆಳೆದವಳು. ಮರ್ಟ್ ಟೂಹಿಗ್ ಅವಳನ್ನು ಕುಣಿತದ ಮನೆಯಲ್ಲಿ ಕಂಡು ಮನಸೋತಾಗ ತಾನು ಕುದುರೆ ಸವಾರನೆಂದು ಹೇಳಲೇ ಇಲ್ಲ. "ಮನೇಲಿ ಹಸು ಇವೆ" ಅಂದ. ಅದು ಸುಳ್ಳಲ್ಲ. ಮದುವೆಯಾಗಿ ಬಂದ ಮೊದಲ ವಸಂತದಲ್ಲಿ, ಈಸ್ಟರ್ ಕಳೆದ ಭಾನುವಾರ, ಗಂಡ ಸವಾರಿಯ ಬಿಳಿ ಚಲ್ಲಣ ತೊಟ್ಟು ಬೂಟಿಗೆ ಪಾಲಿಶ್ ಹಚ್ಚುತ್ತ ಕೂತಿದ್ದನ್ನು ನೋಡಿ ಅವಳಿಗೆ ಗೊತ್ತಾಯಿತು, ತಾನು ಹಸುವಿಗೆ ಮಾತ್ರ ಅಲ್ಲ, ನಾಕ್‌ಬಾನಿನ ಗೋಪುರದೋಟಕ್ಕೂ ಸೇರಿ ಮದುವೆಯಾಗಿದ್ದೇನೆ ಎಂದು.

ಗೋಪುರದೋಟ ಎಂದರೆ ನಮ್ಮೂರ ಚರ್ಚಿನ ಗೋಪುರದಿಂದ ಕುದುರೆ ಏರಿ ಹೊರಟು, ಹೊಲ ಒಡ್ಡು ಹಳ್ಳ ಏನು ಅಡ್ಡ ಬಂದರೂ ಹಾರಿಕೊಂಡು, ಆಚೆ ಊರಿನ ಗೋಪುರದ ಬುಡ ಮುಟ್ಟುವುದು. ಕೂಲಿ ತೆಗೆದುಕೊಂಡು ಕುದುರೆ ಓಡಿಸುವವರಿಗೆ ಇಲ್ಲಿ ಜಾಗವಿಲ್ಲ. ಹಾಲಿನ ಡೈರಿಯವನು, ಅಂಚೆಯವನು, ಕಮ್ಮಾರ, ರೈತರ ಮಕ್ಕಳು, ಇವರೇ ಸವಾರರು. ಗೆದ್ದವನಿಗೆ ಒಂದು ಬೆಳ್ಳಿಯ ಬಟ್ಟಲು, ಅದೂ ಮುಂದಿನ ವರ್ಷ ವಾಪಸು ಕೊಡಬೇಕು.

ನಮ್ಮ ಕಾರ್ಕ್ ಸೀಮೆಯಲ್ಲಿ ಹೊಲಕ್ಕೆ ಬೇಲಿ ಎಂದರೆ ತಂತಿಯಲ್ಲ, ಒಡ್ಡು. ಆಳೆತ್ತರದ ಮಣ್ಣಿನ ಗೋಡೆ, ಮೇಲೆಲ್ಲ ಹುಲ್ಲು, ಈಚೆಗೊಂದು ಆಚೆಗೊಂದು ಅಗಳು, ಉದ್ದಕ್ಕೂ ತೋಡಿದ ಆಳದ ಕಂದಕ. ಅದನ್ನು ಕುದುರೆ ಒಂದೇ ನೆಗೆತಕ್ಕೆ ದಾಟುವುದಿಲ್ಲ. ಬೆಕ್ಕು ಗೋಡೆ ಹತ್ತುವ ಹಾಗೆ ಒಡ್ಡಿನ ನೆತ್ತಿಗೆ ಹಾರಿ, ಅಲ್ಲಿ ಕಾಲು ಬದಲಿಸಿ, ಆಚೆಯ ಅಗಳನ್ನು ಕಣ್ಣಾರೆ ನೋಡಿಕೊಂಡು, ಆಮೇಲೆ ಧುಮುಕುತ್ತದೆ. ಯಾರ ಹೊಲದ ಒಡ್ಡೋ ಅದನ್ನು ಓಟಕ್ಕೆ ಮುಂಚೆ ಸರಿಮಾಡುವುದು ಆ ಮನೆಯವರ ಕೆಲಸ, ಓಟದ ದಿನ ಕೆಂಪು ಬಾವುಟ ಹಿಡಿದು ಪಕ್ಕದಲ್ಲಿ ನಿಲ್ಲುವುದೂ ಅವರದೇ ಕೆಲಸ. ಸವಾರರು ಮೊದಲೇ ದಾರಿ ನೋಡಿಬರುವ ಪದ್ಧತಿ ನಮ್ಮಲ್ಲಿಲ್ಲ. ಹುಟ್ಟಿದ ಊರಿನ ಒಡ್ಡನ್ನು ಹೋಗಿ ನೋಡುವುದೇನು? ಇನ್ನೊಬ್ಬರ ಒಡ್ಡು ಪರೀಕ್ಷಿಸುವುದೆಂದರೆ ಅವರ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ನೋಡಿದ ಹಾಗೆ.

ಮರ್ಟ್ ವರ್ಷ ವರ್ಷವೂ ಓಡಿದ. ಅಬೀನಾ ವರ್ಷ ವರ್ಷವೂ ಜಪಮಾಲೆ ಹಿಡಿದು ಕೋಳಿಗೂಡಿನಲ್ಲಿ ಕೂತಳು. ದೂರದಲ್ಲಿ ಗೊರಸಿನ ಸದ್ದು ಎದ್ದರೆ ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಕೋಳಿಗಳೂ ಅವಳನ್ನು ನೋಡಿ ನೋಡಿ ಆ ದಿನ ಮೊಟ್ಟೆ ಇಡುವುದನ್ನೇ ಬಿಟ್ಟಿದ್ದವು ಎಂದು ಮರ್ಟ್ ಹೇಳುತ್ತಿದ್ದ. ಅವನಿಗೆ ಒಂದು ದಿನವೂ ಒಂದು ಗೀರು ಆಗಲಿಲ್ಲ. ಅಷ್ಟು ಒಡ್ಡು ಹಾರಿದ ಮನುಷ್ಯ, ಒಂದು ಚಳಿಗಾಲದ ಬೆಳಿಗ್ಗೆ ತನ್ನದೇ ಹೊಸ್ತಿಲ ಮೇಲಿನ ಮಂಜುಗಡ್ಡೆಗೆ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ.

ಆ ವರ್ಷದ ಕಥೆಯೇ ಇದು.

ಮಧ್ಯಾಹ್ನದ ಊಟದ ಹೊತ್ತು. ಮಗ ಕಾರ್ಮಾಕ್ ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ, ತಲೆ ಎತ್ತದೆ ಅಂದ:

"ಈ ಸಲ ಸಿಸ್ಟರ್ ಆಗ್ನೆಸ್ ಮೇಲೆ ನಾನು ಕೂರ್ತೀನಿ."

ಸಿಸ್ಟರ್ ಆಗ್ನೆಸ್ ಎಂದರೆ ಅವರ ಹೆಣ್ಣು ಕುದುರೆ. ಶಾಲೆಯಲ್ಲಿ ಮರ್ಟ್‌ನ ಕಿವಿ ಹಿಂಡುತ್ತಿದ್ದ ಸನ್ಯಾಸಿನಿಯ ಹೆಸರು. ಕುದುರೆಯೂ ಸಿಕ್ಕವರ ಕಿವಿಗೇ ಬಾಯಿ ಹಾಕುತ್ತಿತ್ತು.

ಅಬೀನಾಳ ಕೈಯ ಸೌಟು ನಿಂತಿತು. "ನಿಮ್ಮಪ್ಪನಿಗೆ ಕಾದದ್ದು ಸಾಲದೇನೋ ನಂಗೆ?"

"ಅಪ್ಪನಿಗೆ ಏನಾಯ್ತಮ್ಮ? ಒಂದು ತರಚು ಗಾಯ ತೋರ್ಸು ನೋಡೋಣ."

"ಅದೇ ಕಣೋ ನನ್ನ ಭಯ! ಅವ್ನಿಗೆ ಆಗ್ಬೇಕಾಗಿದ್ದೆಲ್ಲ ಎಲ್ಲೋ ಒಂದು ಕಡೆ ಕೂಡಿಕೊಂಡು ಕೂತಿರತ್ತೆ. ಯಾರ ಮೇಲೆ ಬೀಳತ್ತೆ ಅದು?"

ಒಳಗಿನ ಕೋಣೆಯಿಂದ ಮರ್ಟ್ ಕೂಗಿದ: "ಹೊಸ್ತಿಲ ಮೇಲೆ ಬಿತ್ತಲ್ಲ ಹುಡುಗೀ, ತೀರ್ತು ಲೆಕ್ಕ!" ನಮ್ಮ ಕಡೆ ಗಂಡಂದಿರು ಹೆಂಡತಿಗೆ ಎಪ್ಪತ್ತಾದರೂ ಹುಡುಗೀ ಎಂದೇ ಕರೆಯುವುದು. "ಅದಿರ್ಲಿ, ಓಟದ ದಾರೀಲಿರೋ ನಮ್ಮ ಒಡ್ಡು ಸರಿಮಾಡೋರು ಯಾರು? ಮಳೇಲಿ ಬಲಗಡೆ ಕುಸಿದಿದೆ."

ಕಾರ್ಮಾಕ್‌ಗೆ ಡೈರಿಯಲ್ಲಿ ಆ ವಾರ ಎರಡು ಪಾಳಿ.

"ನಾನು ಮಾಡ್ತೀನಿ," ಅಂದಳು ಅಬೀನಾ.

ಅಪ್ಪ ಮಗ ಇಬ್ಬರೂ ನಕ್ಕರು. ಅವಳು ನಗಲಿಲ್ಲ.

ದಿನಾ ಸಂಜೆ ಹಾಲು ಕರೆದ ಮೇಲೆ ಗುದ್ದಲಿ ಹಿಡಿದು ಹೋಗುವಳು. ಕುಸಿದದ್ದನ್ನು ಎತ್ತಿ ಕಟ್ಟುವುದಕ್ಕೆ ಹೋದವಳು ಮೊದಲ ದಿನ ಒಡ್ಡಿನ ಬುಡದಲ್ಲಿ ನಿಂತು ತಲೆ ಎತ್ತಿ ನೋಡಿದಳು. ಇಷ್ಟು ವರ್ಷ ಆ ಊರಿನಲ್ಲಿದ್ದೂ ಅದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವಳಿಗಿಂತ ಎತ್ತರ. ಈ ಗೋಡೆಯ ಮೇಲೆ, ಕುದುರೆಯ ಬೆನ್ನ ಮೇಲೆ, ತನ್ನ ಮಗ! ಸುತ್ತ ನೋಡಿದಳು. ಯಾರೂ ಇಲ್ಲ. ಗುದ್ದಲಿ ಎತ್ತಿ ಒಡ್ಡಿನ ನೆತ್ತಿಗೇ ಹಾಕಿದಳು.

ಮೇಲಿನ ಹುಲ್ಲುಹೆಂಟೆಯನ್ನು ಸುಲಿದು ಪಕ್ಕಕ್ಕಿಟ್ಟು, ಒಳಗಿನ ಮಣ್ಣನ್ನು ಒಂದು ಮೊಳದಷ್ಟು ಕೆತ್ತಿ, ಹುಲ್ಲನ್ನು ಮತ್ತೆ ಮೇಲೆ ಹೊದಿಸಿದಳು. ಬಟ್ಟೆ ಅಂಗಡಿಯ ಮಗಳಲ್ಲವೇ, ಹೊಲಿಗೆ ಕಾಣದ ಹಾಗೆ ಮಾಡುವುದು ಗೊತ್ತು. ಕೆತ್ತಿದ ಮಣ್ಣನ್ನು ಈಚೆಯ ಅಗಳಿಗೆ ತುಂಬಿ ತುಳಿದಳು. ಕುದುರೆಗೆ ಹತ್ತುವುದಕ್ಕೆ ಇಳಿಜಾರಿನ ಮೆಟ್ಟಿಲಾಯಿತು ಎಂದುಕೊಂಡಳು. ಎಡದ ತುದಿಯಲ್ಲಿ ಮಾತ್ರ ಮುಳ್ಳುಗಿಡದ ಬೇರು ಸಿಕ್ಕಿ ಗುದ್ದಲಿ ಓಡಲಿಲ್ಲ. ಅಲ್ಲಿ ಒಂದೆರಡು ಕುದುರೆ ಹಿಡಿಸುವಷ್ಟು ಜಾಗ ಹಳೆಯ ಎತ್ತರದಲ್ಲೇ ಉಳಿಯಿತು. ಇನ್ನು ಆಚೆಯ ಅಗಳು. ಅದು ಪಕ್ಕದ ಶೀಹನ್ ಮನೆಯವರದು. ಒಡ್ಡು ಒಬ್ಬರದು, ಆಚೆಯ ಅಗಳು ಇನ್ನೊಬ್ಬರದು. ಇನ್ನೊಬ್ಬರ ಅಗಳಿಗೆ ಗುದ್ದಲಿ ಹಾಕಿದರೆ ಮೂರು ತಲೆಮಾರು ಮಾತು ನಿಲ್ಲುತ್ತದೆ. ಅಬೀನಾ ಅದನ್ನು ಮುಟ್ಟಲಿಲ್ಲ. ಪರರ ಸೊತ್ತು ಮುಟ್ಟದ ಸಂಭಾವಿತೆ ಎಂದು ತನ್ನನ್ನು ತಾನೇ ಮೆಚ್ಚಿಕೊಂಡು ಮನೆಗೆ ಬಂದಳು.

ಓಟದ ಭಾನುವಾರ ಪೂಜೆ ಮುಗಿಸಿ ಬಂದು, ಮಗನ ನೆತ್ತಿಗೆ ತೀರ್ಥ ಚಿಮುಕಿಸಿ ಕಳಿಸಿದಳು. ಆಮೇಲೆ ಗಂಡನಿಗೆ ಚಹಾ ತಂದು, ತಾನೂ ಒಂದು ಲೋಟ ಬಗ್ಗಿಸಿಕೊಂಡು, ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಬಾಯಿಗಿಟ್ಟಳು. ಮರ್ಟ್ ಅವಳನ್ನೇ ನೋಡುತ್ತಿದ್ದ.

"ಹುಡುಗೀ."

"ಏನು?"

"ಓಟದ ದಿನ ನೀನು ಬಾಯಿಗೆ ನೀರು ಹಾಕಿದ್ದು ಕೂಡ ನಾನು ನೋಡಿಲ್ಲ. ಇವತ್ತು ಬೆಣ್ಣೆ ಹಚ್ಕೊಂಡು ತಿಂತಿದ್ದೀಯ. ಏನ್ ಮಾಡ್ದೆ?"

"ನಾನೇನ್ ಮಾಡ್ಲಿ?"

"ಅಬೀನಾ."

ಹೆಸರು ಹಿಡಿದು ಕರೆದನೆಂದರೆ ಮುಗಿಯಿತು. ಅವಳು ಹೇಳಿದಳು, ಸ್ವಲ್ಪ ಹೆಮ್ಮೆಯಿಂದಲೇ. ಮರ್ಟ್ ಮೊದಲು ನಗುತ್ತಾನೇನೋ ಎಂದಿದ್ದಳು. ಅವನು ನಗಲಿಲ್ಲ.

"ಎಷ್ಟು ತೆಗ್ದೆ?"

"ಒಂದು ಮೊಳ."

"ಈಚೆ ಅಗಳು?"

"ಮುಚ್ಚಿ ತುಳ್ದೆ. ಚೆನ್ನಾಗಿ ಗಟ್ಟಿಯಾಗಿದೆ."

"ಆಚೇದು?"

"ಅದು ಶೀಹನ್ನರದಲ್ವಾ! ನಾನ್ಯಾಕೆ ಮುಟ್ಲಿ?"

ಮರ್ಟ್ ಎದ್ದೇಳಲು ಹೋಗಿ, ನೋವಿಗೆ ಮತ್ತೆ ಬಿದ್ದು, ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿದ. "ಕೇಳು. ದೊಡ್ಡ ಒಡ್ಡು ಕಂಡ್ರೆ ಕುದುರೆ ಹೆದರತ್ತೆ. ಹೆದರಿ ನಿಧಾನ ಮಾಡತ್ತೆ, ಮೇಲೆ ಕಾಲಿಡತ್ತೆ, ಅಗಳು ನೋಡತ್ತೆ. ಸಣ್ಣ ಒಡ್ಡಾದ್ರೆ? ಅದರ ಮೇಲಿಂದ ಆಚೆ ಹೊಲದ ಹುಲ್ಲು ಕಾಣತ್ತೆ. ಓಹೋ ಇಷ್ಟೇನಾ ಅಂತ ರೆಕ್ಕೆ ಬಂದ ಹಾಗೆ ಒಂದೇ ಸಲ ಹಾರತ್ತೆ. ಆಚೆ ಅಗಳು ಇರೋದು ಗಾಳೀಲಿದ್ದಾಗ ಗೊತ್ತಾಗತ್ತೆ. ಅಷ್ಟೊತ್ತಿಗೆ..."

ಅಬೀನಾಳ ಬಾಯಲ್ಲಿದ್ದ ತುತ್ತು ಮಣ್ಣಾಯಿತು. ತಾನು ಮಗನಿಗೆ ಮೆಟ್ಟಿಲು ಕಟ್ಟಿದೆನೆಂದುಕೊಂಡಿದ್ದಳು, ಕಟ್ಟಿದ್ದು ಗುಂಡಿಯ ಬಾಯಿಗೆ ದಾರಿ.

"ಓಡು," ಅಂದ ಮರ್ಟ್. "ಓಟ ಬಿಡಿಸೋ ಕರವಸ್ತ್ರ ಬೀಳೋದ್ರೊಳಗೆ ಹೋಗಿ ಹೇಳು."

ಗೋಡೆಗೆ ಒರಗಿಸಿದ್ದ ಕೆಂಪು ಬಾವುಟವನ್ನು ಎತ್ತಿಕೊಂಡು ಓಡಿದಳು. ಏಪ್ರನ್ನು ಬಿಚ್ಚಲಿಲ್ಲ, ತಲೆಗೆ ಬಟ್ಟೆಯಿಲ್ಲ. ದಾರಿಯಲ್ಲಿ ಹೆಬ್ಬಾತುಗಳು ಕತ್ತು ಚಾಚಿ ಬಂದವು, ಅವುಗಳ ನಡುವೆಯೇ ನುಗ್ಗಿದಳು. ಅವಳ ಮನಸ್ಸಿನಲ್ಲಿದ್ದದ್ದು ಒಂದೇ. ಕಾರ್ಮಾಕ್‌ನ ಕಿವಿಯಲ್ಲಿ ಮೆಲ್ಲಗೆ ಹೇಳಿಬಿಡಬೇಕು, ಬೇರೆ ಯಾರಿಗೂ ತಿಳಿಯಬಾರದು. ಊರಿನ ಒಡ್ಡು ಕೆತ್ತಿದ ಹೆಂಗಸು ಎಂದರೆ ಮುಂದೆ ಪೂಜೆಗೆ ಹೋಗಿ ಯಾವ ಬೆಂಚಿನಲ್ಲಿ ಕೂರುವುದು?

ಚರ್ಚಿನ ಹಿಂದಿನ ಬಯಲಿನಲ್ಲಿ ಹತ್ತು ಹನ್ನೆರಡು ಕುದುರೆ ಸಾಲು ಹಿಡಿಯುತ್ತಿದ್ದವು. ಓಟ ಬಿಡಿಸುವ ಕೆಲಸ ಊರಿನ ಕಟುಕನದು. ಅವನು ಕರವಸ್ತ್ರ ಎತ್ತಿ ನಿಂತಿದ್ದ. ಅಬೀನಾ ಏದುಸಿರು ಬಿಡುತ್ತ ಸಿಸ್ಟರ್ ಆಗ್ನೆಸ್‌ಳ ಕಡಿವಾಣಕ್ಕೆ ಕೈ ಹಾಕಿದಳು.

"ಅಮ್ಮಾ! ಇಲ್ಲೇನ್ ಮಾಡ್ತಿದ್ದೀ?" ಕಾರ್ಮಾಕ್‌ನ ಕಿವಿ ಕೆಂಪಾಯಿತು.

ಪಕ್ಕದ ಕಂದು ಕುದುರೆಯ ಮೇಲೆ ಫಿನ್‌ಬಾರ್ ಶೀಹನ್ ಕೂತಿದ್ದ. ಪಕ್ಕದ ಮನೆಯ ಹ್ಯಾನಿಯ ಒಬ್ಬನೇ ಮಗ. ಹುಲ್ಲು ಕಡ್ಡಿ ಕಚ್ಚಿಕೊಂಡು ನಗುತ್ತಿದ್ದ. "ಟೂಹಿಗಮ್ಮಾ, ಮಗನಿಗೆ ಮುತ್ತು ಕೊಡೋಕೆ ಬಂದ್ರಾ? ಆಗ್ಲಿ ಕೊಡಿ. ನನಗೂ ಒಂದಿರ್ಲಿ, ನಮ್ಮಮ್ಮ ಕೊಡಲ್ಲ."

ಅವನ ನಾಮಕರಣದ ದಿನ ಅವನನ್ನು ಎತ್ತಿಕೊಂಡವಳು ಅಬೀನಾ. ಅವನ ಆಚೆ ಕಮ್ಮಾರನ ಮಗ. ಅವನ ಆಚೆ ಅಂಚೆಯವನು, ಮನೆಯಲ್ಲಿ ಬಸುರಿ ಹೆಂಡತಿ. ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು. ಕಿವಿಯಲ್ಲಿ ಹೇಳಬೇಕೆಂದಿದ್ದ ಮಾತು ಗಂಟಲಿಗೆ ಬಂದು, ಅಲ್ಲೇ ದೊಡ್ಡದಾಗಿ ಹೊರಬಿತ್ತು.

"ನಮ್ಮ ಒಡ್ಡು ತಗ್ಗಿಸಿದೀನಿ! ನಾನೇ ತಗ್ಗಿಸಿದ್ದು! ಒಂದು ಮೊಳ! ಈಚೆ ಅಗಳೂ ಮುಚ್ಚಿದೀನಿ. ಆಚೇದು ಹಾಗೇ ಇದೆ. ಓಡಿಸ್ಕೊಂಡು ಬರ್ಬೇಡ್ರಪ್ಪಾ, ನಿಮ್ಮ ದಮ್ಮಯ್ಯ! ಹಾರಕ್ಕೆ ಬಿಡ್ಬೇಡಿ! ಲಗಾಮು ಎಳೆದು ನಿಧಾನಕ್ಕೆ ತನ್ನಿ, ಮೇಲೆ ಕಾಲಿಡಿಸಿ!"

ಯಾರದೋ ಕುದುರೆ ಸೀನಿತು.

"ಯಾಕೆ ತಗ್ಗಿಸಿದ್ರಿ?" ಅಂದ ಕಟುಕ, ಕೈ ಇಳಿಸದೆಯೇ.

"ಹೆದರಿಕೆಗೆ," ಅಂದಳು.

ಫಿನ್‌ಬಾರ್ ಕಡ್ಡಿ ಉಗಿದು ನಕ್ಕ. "ಕೇಳಿದ್ರೇನ್ರೋ? ನಾವೆಲ್ಲ ಟೂಹಿಗ್ ಒಡ್ಡಿನ ಹತ್ರ ಮೆಲ್ಲಗೆ ನಡ್ಕೊಂಡು ಬರ್ಬೇಕಂತೆ, ಕಾರ್ಮಾಕ್ ಮಾತ್ರ ನಾಗಾಲೋಟದಲ್ಲಿ ಹೋಗ್ತಾನಂತೆ. ಟೂಹಿಗಮ್ಮಾ, ಈ ಉಪಾಯ ಮರ್ಟ್ ಹೇಳಿಕೊಟ್ಟಿದ್ದೋ, ನಿಮ್ಮದೇನೋ?"

ಒಂದಿಬ್ಬರು ನಕ್ಕರು. ಕಾರ್ಮಾಕ್ ಮಾತ್ರ ತಾಯಿಯ ಮುಖವನ್ನೇ ನೋಡಿದ. ಅವಳು ಸುಳ್ಳು ಹೇಳುವಾಗ ಹೇಗಿರುತ್ತಾಳೆಂದು ಅವನಿಗೆ ಗೊತ್ತು. ಇದು ಅದಲ್ಲ. "ನಮ್ಮಮ್ಮ ಹೇಳ್ದಂಗೆ ನಾನು ಎಳ್ಕೊಂಡೇ ಬರ್ತೀನಿ," ಅಂದ. "ನೀವು ನಿಮ್ಮಿಷ್ಟ."

ಕರವಸ್ತ್ರ ಬಿತ್ತು.

ಸವಾರರಿಗೆ ಗುಡ್ಡ ಸುತ್ತಿ ಬರುವ ದಾರಿ, ಅವಳಿಗೆ ಒಳದಾರಿ. ಅಬೀನಾ ಒಡ್ಡಿನ ಬಳಿ ತಲುಪಿದಾಗ ನೆಲದೊಳಗೆ ಸದ್ದು ಶುರುವಾಗಿತ್ತು. ಮೊದಲು ಅಂಗಾಲಿಗೆ ತಿಳಿಯುವಂಥದ್ದು, ಆಮೇಲೆ ಹೊಟ್ಟೆಗೆ, ಆಮೇಲೆ ಕಿವಿಗೆ. ಇವತ್ತು ಮುಚ್ಚಿಕೊಳ್ಳಲಿಕ್ಕೆ ಕೋಳಿಗೂಡಿನ ಬಾಗಿಲಿರಲಿಲ್ಲ.

ಗುಡ್ಡದ ಮೂಲೆಯಿಂದ ಮೊದಲು ಬಂದದ್ದು ಕಂದು ಕುದುರೆ, ಎಲ್ಲರಿಗಿಂತ ಬಹಳ ಮುಂದೆ. ಫಿನ್‌ಬಾರ್ ಅದರ ಕತ್ತಿನ ಮೇಲೆ ಮಲಗಿದ್ದ. "ಎಳೆಯೋ! ಎಳೆಯೋ ಮಗನೇ!" ಎಂದು ಅವಳು ಕಿರುಚಿದ್ದು ಗಾಳಿಗೆ ಹೋಯಿತು. ಕುದುರೆ ಅವಳು ಕಟ್ಟಿದ ಇಳಿಜಾರನ್ನು ನೋಡಿತು, ತಗ್ಗಿದ ನೆತ್ತಿಯ ಆಚೆ ಹಸಿರು ನೋಡಿತು, ಕಿವಿ ನಿಮಿರಿಸಿತು. ಮರ್ಟ್ ಹೇಳಿದ ಹಾಗೆಯೇ, ಅಕ್ಷರ ತಪ್ಪದೆ. ಒಡ್ಡಿಗೆ ಒಂದು ಗೊರಸೂ ತಾಕಿಸದೆ ಎದ್ದಿತು. ಎಷ್ಟು ಚೆಂದವಾಗಿ ಎದ್ದಿತೆಂದರೆ ಒಂದು ಗಳಿಗೆ ಅವಳಿಗೂ, ಅಬ್ಬ, ದಾಟಿತು ಎನ್ನಿಸಿತು. ಆಮೇಲೆ ಆಚೆಯಿಂದ ಸದ್ದು. ಒದ್ದೆ ಚೀಲ ನೆಲಕ್ಕೆ ಒಗೆದಂಥ ಸದ್ದು.

ಅವಳು ಒಡ್ಡು ಹತ್ತಿದಳು. ಹೇಗೆ ಹತ್ತಿದಳೋ ಅವಳಿಗೂ ಗೊತ್ತಿಲ್ಲ. ಕುದುರೆ ಎದ್ದು, ಜೀನು ಪಕ್ಕಕ್ಕೆ ವಾಲಿ, ಹೊಲದಲ್ಲಿ ಓಡುತ್ತಿತ್ತು. ಫಿನ್‌ಬಾರ್ ಅಗಳಿನಲ್ಲಿದ್ದ, ಅಂಗಾತ, ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿ. ಕಣ್ಣು ತೆರೆದಿತ್ತು. ಬಾಯಿ ಮೀನಿನ ಹಾಗೆ ಆಡುತ್ತಿತ್ತು. ಒಡ್ಡಿನ ನೆತ್ತಿಯಿಂದ ಧುಮುಕುವ ಕುದುರೆಯ ಕಾಲು ಸ್ವಲ್ಪ ಹಿಂದೆ ಬಿದ್ದರೂ ಅವನ ಮೇಲೇ.

ತಿರುಗಿ ನೋಡಿದಳು. ಉಳಿದ ಕುದುರೆಗಳೆಲ್ಲ ಒಟ್ಟಾಗಿ ಮೂಲೆ ತಿರುಗಿದ್ದವು. ಮುಂದೆ ಸಿಸ್ಟರ್ ಆಗ್ನೆಸ್. ಮೇಲೆ ಅವಳ ಮಗ.

ಇಳಿದುಬಿಡು, ಎಂದಿತು ಅವಳ ಮೈಯೆಲ್ಲ. ಇಳಿಯಲಿಕ್ಕೆ ಕಾಲು ಬರಲಿಲ್ಲ. ಅವಳ ಧೈರ್ಯವನ್ನು ಊರೆಲ್ಲ ಹೊಗಳಿದಾಗ ಅವಳು ಮುಂದೆಯೂ ಇದನ್ನೇ ಹೇಳುತ್ತಿದ್ದಳು: "ಧೈರ್ಯ ಅಲ್ರೀ, ಮೊಣಕಾಲು ಹಿಡ್ಕೊಂಡಿತ್ತು." ಕಾಲು ಬರಲಿಲ್ಲ, ಕೈ ಬಂತು. ಕೆಂಪು ಬಾವುಟವನ್ನು ಎರಡು ಕೈಯಲ್ಲೂ ಹಿಡಿದು, ಒಡ್ಡಿನ ತಗ್ಗಿದ ನೆತ್ತಿಯ ಮೇಲೆ, ಬರುವ ಕುದುರೆಗಳ ಮುಖಕ್ಕೇ ಬೀಸಿದಳು.

"ಎಡಕ್ಕೆ! ಎಡದ ತುದೀಗೆ ಹೋಗ್ರೋ! ಹುಡುಗ ಬಿದ್ದಿದಾನೆ! ಎಡಕ್ಕೆ!"

"ಅಮ್ಮಾ, ಇಳಿ!" ಕಾರ್ಮಾಕ್ ಕೂಗಿದ.

"ಇಳಿಯಲ್ಲ ಕಣೋ! ಎಡಕ್ಕೆ!"

ಅವರು ಎಳೆದುಕೊಂಡೇ ಬರುತ್ತಿದ್ದರು. ನಕ್ಕವರೂ ಎಳೆದುಕೊಂಡೇ ಬರುತ್ತಿದ್ದರು. ಮುಂದೆ ಹಾರಿದ ಕಂದು ಕುದುರೆ ಕಾಣದೆ ಹೋದದ್ದನ್ನು ಅವರೂ ನೋಡಿದ್ದರು. ಅದರಿಂದ ತಿರುಗಿಸುವುದಕ್ಕೆ ಆಯಿತು. ಸಿಸ್ಟರ್ ಆಗ್ನೆಸ್ ಅಬೀನಾಳ ಏಪ್ರನ್ನಿಗೆ ಗಾಳಿ ತಾಗುವಷ್ಟು ಹತ್ತಿರ ಬಂದು, ಕತ್ತು ಹೊರಳಿಸಿ, ಎಡದ ತುದಿಗೆ ಹೋದಳು. ಅಲ್ಲಿ ಒಡ್ಡು ಹಳೆಯ ಎತ್ತರದಲ್ಲೇ ಇತ್ತು. ಕುದುರೆ ಅದನ್ನು ನೋಡಿ ಹೆದರಿತು. ಹೆದರಿದ್ದರಿಂದಲೇ ಹಿಂಗಾಲು ಊರಿ, ಬೆಕ್ಕಿನ ಹಾಗೆ ಮೇಲಕ್ಕೆ ಏರಿ, ಮುಳ್ಳುಗಿಡದ ಪಕ್ಕದಲ್ಲಿ ಕಾಲು ಬದಲಿಸಿ, ಆಚೆ ಧುಮುಕಿತು. ಅದರ ಹಿಂದೆ ಒಂದು, ಮತ್ತೊಂದು, ಒಂದೊಂದಾಗಿ ಎಲ್ಲ. ಕಾರ್ಮಾಕ್ ಆಚೆ ಹೊಲದಲ್ಲಿ ಒಮ್ಮೆ ಹಿಂದಕ್ಕೆ ತಿರುಗಿದ. ಅವಳು ಹೋಗು ಹೋಗು ಎಂದು ಕೈ ಬೀಸಿದಳು. ಹೋದ. ಮಗನ ಬೆನ್ನು ಸಣ್ಣದಾಗುವವರೆಗೂ ನೋಡಿ, ಕೂತುಕೊಂಡೇ ಜಾರಿ ಅಗಳಿಗೆ ಇಳಿದಳು.

"ಅಲ್ಲಾಡ್ಬೇಡಪ್ಪಾ," ಅಂದಳು.

ಫಿನ್‌ಬಾರ್‌ಗೆ ಉಸಿರು ಬಂದಿತ್ತು. "ಟೂಹಿಗಮ್ಮಾ," ಅಂದ ಹಲ್ಲು ಕಚ್ಚಿಕೊಂಡು, "ಉಪಾಯ ಅಲ್ವಾ ಹಾಗಾದ್ರೆ?"

"ಅಲ್ಲ ಕಣೋ."

"ಮೊದಲೇ ಹೇಳ್ಬಾರ್ದಾ," ಅಂದ. ನಗಲು ಹೋಗಿ ಅತ್ತ.

ಒಂದು ಕೈಯಲ್ಲಿ ಅವನ ತಲೆ ಹಿಡಿದು, ಇನ್ನೊಂದು ಕೈಯಲ್ಲಿ ಬಾವುಟ ಎತ್ತಿ ಕೂತೇ ಇದ್ದಳು, ಜನ ಬರುವವರೆಗೂ. ಆಂಬುಲೆನ್ಸು ಶೀಹನ್ನರ ಹೊಲದ ಕಡೆಯಿಂದ ಬಂತು. ಅದರ ಹಿಂದೆಯೇ, ಚಪ್ಪಲಿ ಕೈಯಲ್ಲಿ ಹಿಡಿದು, ಕೆಸರಿನಲ್ಲಿ ಹ್ಯಾನಿ ಶೀಹನ್ ಓಡಿ ಬಂದಳು. ಅಬೀನಾ ಎದ್ದು ಪಕ್ಕಕ್ಕೆ ನಿಂತಳು. ಅವತ್ತಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಆಗ ಎಂದು ಹೇಳುತ್ತಿದ್ದಳು. ಕುದುರೆಗಾದರೂ ಬಾವುಟ ಬೀಸಬಹುದು. ತಾಯಿಗೆ ಏನು ಬೀಸುವುದು?

ಹ್ಯಾನಿ ಮಗನ ಮುಖ ಮುಟ್ಟಿದಳು, ಕಾಲು ನೋಡಿದಳು, ಮೇಲಿನ ಒಡ್ಡು ನೋಡಿದಳು. ವಿಷಯ ಅವಳಿಗೆ ದಾರಿಯಲ್ಲೇ ತಲುಪಿತ್ತು. ನಮ್ಮೂರಿನಲ್ಲಿ ಸುದ್ದಿಗೆ ಕುದುರೆಗಿಂತ ಜೋರು ಕಾಲು.

"ನೀನೇನಾ ಕೆತ್ತಿದ್ದು?"

"ಹೌದು ಹ್ಯಾನಿ."

"ನನ್ನ ಅಗಳು ಯಾಕೆ ಬಿಟ್ಟೆ ಮತ್ತೆ? ಅದನ್ನೂ ಮುಚ್ಚಿದ್ರೆ ಏನಾಗ್ತಿತ್ತು?"

"ಅದು ನಿಮ್ಮದಲ್ವಾ, ನಾನು ಹೇಗೆ..."

"ದೊಡ್ಡ ಮರ್ಯಾದಸ್ತೆ!" ಅಂದಳು ಹ್ಯಾನಿ. ಮಗನನ್ನು ಸ್ಟ್ರೆಚರಿಗೆ ಎತ್ತಿ ಒಳಗಿಟ್ಟರು. ಚಾಲಕ ಬಾಗಿಲು ಹಿಡಿದು ನಿಂತಿದ್ದ. ಹ್ಯಾನಿ ಒಂದು ಕಾಲು ಒಳಗಿಟ್ಟವಳು ಹಿಂದಕ್ಕೆ ತಿರುಗಿದಳು. "ನಿನ್ನ ಮೇಲೆ ಸಿಟ್ಟಿದೆ ನಂಗೆ. ಬರೋ ಈಸ್ಟರ್ ಆದ್ರೂ ಇಳಿಯಲ್ಲ ಅದು. ಹತ್ತು, ಒಳಗೆ ಬಾ."

"ನಾನಾ?"

"ನೀನಲ್ದೆ ಇನ್ಯಾರು? ನಂಗೆ ಒಬ್ಬಳೇ ಹೋಗೋಕೆ ಆಗಲ್ಲ."

ಬೆಳ್ಳಿ ಬಟ್ಟಲು ಅವತ್ತು ಯಾರ ಮನೆಗೆ ಹೋಯಿತೆಂದು ಬೇಕಾದರೆ ಬೇರೆ ಯಾರನ್ನಾದರೂ ಕೇಳಿ. ಅಬೀನಾಳಿಗೆ ಗೊತ್ತಿರಲಿಲ್ಲ, ಆ ಹೊತ್ತಿಗೆ ಅವಳು ಮ್ಯಾಲೋ ಆಸ್ಪತ್ರೆಯ ದಾರಿಯಲ್ಲಿದ್ದಳು. ಆಂಬುಲೆನ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಹ್ಯಾನಿ ಅವಳನ್ನು ಬೈಯುವಳು, ಬೈಯುತ್ತಲೇ ಅವಳ ಕೈ ಹುಡುಕಿ ಹಿಡಿಯುವಳು. ಉಗುರು ಚರ್ಮಕ್ಕೆ ಇಳಿಯುವಷ್ಟು ಬಿಗಿ.

"ಹ್ಯಾನಿ," ಅಂದಳು ಅಬೀನಾ ಮೆಲ್ಲಗೆ, "ನಂಗೂ ತುಂಬಾ ಭಯ ಆಗ್ತಿದೆ."

"ಗೊತ್ತು," ಅಂದಳು ಹ್ಯಾನಿ. "ಅದಕ್ಕೇ ಅಲ್ವಾ ನಿನ್ನ ಕರೆದದ್ದು."